ಗೆರೆಯ ಮೇಲೇ ನಿಂತ ಅಲೆ

ನಮ್ಮ ಪ್ರಾಜೆಕ್ಟ್ ಗೈಡ್ ಮಾತು ಶುರು ಮಾಡುವ ಮೊದಲು ಮೂಗಿನಿಂದ ಒಂದಿಷ್ಟು ಗಾಳಿ ಬಿಡುತ್ತಿದ್ದರು. ಕುಕ್ಕರು ಕೂಗಲೋ ಬೇಡವೋ ಎಂದು ಯೋಚಿಸುವಾಗ ಬರುತ್ತದಲ್ಲ, ಆ ಸದ್ದು. ಆಮೇಲೆ ಎರಡು ಬೆರಳಿನಿಂದ ಬೆಲ್ಟನ್ನು ಮೇಲಕ್ಕೆಳೆದುಕೊಂಡು, "ನೋಡ್ರಪ್ಪಾ, ಲೈಫಲ್ಲಿ ಶಿಸ್ತು ಅನ್ನೋದು..." ಎಂದು ಆರಂಭಿಸಿದರೆ ಅರ್ಧ ಪೀರಿಯಡ್ ಮುಗಿಯಿತೆಂದೇ ಲೆಕ್ಕ. ಆ ಗಾಳಿ, ಆ ಬೆಲ್ಟು, ಆ ಶಿಸ್ತು ಮೂರನ್ನೂ ನಾನು ಮೊದಲ ಸೆಮಿಸ್ಟರಿನಲ್ಲೇ ಕಲಿತಿದ್ದೆ. ಪಠ್ಯಪುಸ್ತಕದಲ್ಲಿದ್ದದ್ದನ್ನು ಮಾತ್ರ ಕಡೆಯವರೆಗೂ ಕಲಿಯಲಿಲ್ಲ.

ಬನಶಂಕರಿಯ ಕಡೆಯ ಕಾಲೇಜು ನಮ್ಮದು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಎಲ್ಲರ ಮನೆಗೂ ಇನ್ನೂ ಇಂಟರ್ನೆಟ್ ಬಂದಿರಲಿಲ್ಲ, ಬೀದಿಗೊಂದು ಸೈಬರ್ ಸೆಂಟರ್ ಇತ್ತು. ಕೊನೆಯ ವರ್ಷದ ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಸೆಕೆ ತಡೆಯಲಾಗದೆ, ಬಾಗಿಲ ಆಚೆ ಕುಳಿತಿದ್ದ ಲ್ಯಾಬ್ ಅಸಿಸ್ಟೆಂಟರಿಗೆ ಕೇಳುವ ಹಾಗೆ ಗೈಡ್ ಧ್ವನಿಯಲ್ಲಿ ಕೂಗಿದೆ: "ಏನ್ರೀ, ಆ ಮೂಲೆ ಫ್ಯಾನ್ ಹಾಕ್ರೀ! ಶಿಸ್ತು ಬೇಡ್ವೇನ್ರೀ?" ಅವರು ಎದ್ದುಬಿದ್ದು ಬಂದು ಫ್ಯಾನ್ ಹಾಕಿದರು. ಹುಡುಗರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಗ ಲ್ಯಾಬ್ ಅಸಿಸ್ಟೆಂಟರು ಮಾತ್ರ ನಗಲಿಲ್ಲ. ಅವರು ಒಮ್ಮೆ ನನ್ನನ್ನು, ಒಮ್ಮೆ ತಮ್ಮ ಹಿಂದೆ ನಿಂತವರನ್ನು ನೋಡುತ್ತಿದ್ದರು. ಹಿಂದೆ ನಿಂತವರು ಮೂಗಿನಿಂದ ಗಾಳಿ ಬಿಟ್ಟರು. ಆ ಸಲದ್ದು ಅಸಲಿ.

"ಚೆನ್ನಾಗ್ ಮಾಡ್ತೀಯಪ್ಪಾ" ಎಂದರು ಗೈಡ್. "ಆದ್ರೆ ಬೇರೆಯವ್ರ ಥರ ಮಾಡೋದು ಬಿಟ್ರೆ ನಿಂಗೆ ಸ್ವಂತದ್ದು ಅಂತ ಏನಾದ್ರೂ ಬರುತ್ತಾ?"

ನಾನು ತಲೆ ತಗ್ಗಿಸಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಅವರೇ ಗೆಲ್ಲುತ್ತಿದ್ದರು. ಆದರೆ ಮರುಕ್ಷಣವೇ ಕೇಳಿದರು: "ಅದಿರ್ಲಿ, ಪ್ರಾಜೆಕ್ಟ್ ಎಲ್ಲಿ ತಗೊಂಡೆ?"

ನಮ್ಮಲ್ಲಿ ಪ್ರಾಜೆಕ್ಟ್ ಏನು ಮಾಡುತ್ತಿದ್ದೀಯ ಎಂದು ಯಾರೂ ಕೇಳುತ್ತಿರಲಿಲ್ಲ. ಎಲ್ಲಿ ತಗೊಂಡೆ ಎಂದೇ ಕೇಳುವುದು. ಜಯನಗರದಲ್ಲಿ ಒಂದು ಸ್ವೀಟ್ ಅಂಗಡಿಯ ಮಹಡಿಯಲ್ಲಿ ಪ್ರಾಜೆಕ್ಟ್ ಸೆಂಟರ್ ಇತ್ತು. ಕೆಳಗೆ ಮೈಸೂರುಪಾಕು, ಮೇಲೆ ಇಂಜಿನಿಯರಿಂಗ್. ಎರಡನ್ನೂ ಡಬ್ಬಿಗೆ ಹಾಕಿ ಕೊಡುತ್ತಿದ್ದರು. ಹೋಟೆಲಿನಂತೆ ಅಲ್ಲೂ ಮೆನು. ಟ್ರಾಫಿಕ್ ಲೈಟ್, ಲೈನ್ ಹಿಡಿದು ಓಡುವ ರೋಬೋ, ವಿದ್ಯುತ್ತಿನ ಅಲೆ ಹೊರಡಿಸುವ ವೇವ್‌ಫಾರ್ಮ್ ಜನರೇಟರ್. ಕೊನೆಯದು ತಟ್ಟೆ ಇಡ್ಲಿ ಇದ್ದ ಹಾಗೆ, ಯಾರಿಗೂ ಅಜೀರ್ಣವಾಗುವುದಿಲ್ಲ. ತಯಾರಾದ ಬೋರ್ಡು, ಬಂಗಾರದ ಅಕ್ಷರದ ಬೈಂಡಿಂಗ್ ರಿಪೋರ್ಟು, ಒಂದು ಸಿಡಿ, ಜೊತೆಗೆ ವೈವಾದಲ್ಲಿ ಕೇಳಬಹುದಾದ ಪ್ರಶ್ನೆಗೆಲ್ಲ ಉತ್ತರ.

ಆ ರಿಪೋರ್ಟಿನಲ್ಲಿ ಒಂದು ಫೋಟೋ ಇರುತ್ತಿತ್ತು. ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ ಸೀಯಾರೋ. ಅದರ ಪರದೆಯಲ್ಲಿ ಹಸಿರು ಸೈನ್ ವೇವ್, ನಡುಗೆರೆಯ ಮೇಲೆ ಅರ್ಧ, ಕೆಳಗೆ ಅರ್ಧ. ಬಲಗಡೆ ಗುಂಡಿ ತಿರುಗಿಸುತ್ತಿರುವ ಒಂದು ಗಂಡಸಿನ ಕೈ. ಬೆರಳಿನಲ್ಲಿ ಹವಳದ ಉಂಗುರ. ಯಾವ ಬ್ಯಾಚಿನ ರಿಪೋರ್ಟ್ ತೆಗೆದರೂ ಅದೇ ಅಲೆ, ಅದೇ ಕೈ. ನಮ್ಮ ಲೈಬ್ರರಿಯಲ್ಲಿ ಅಷ್ಟು ಪುಸ್ತಕದಲ್ಲಿ ಕಾಣಿಸಿಕೊಂಡ ಕೈ ಇನ್ನೊಂದಿರಲಿಲ್ಲ.

ಇಡೀ ತರಗತಿಗೆ ಒಂದೇ ಕೈಯನ್ನು ಅಂಟಿಸಲು ಹೇಳುವವರು ನನ್ನ ಮಿಮಿಕ್ರಿಯ ಬಗ್ಗೆ ಮಾತಾಡುತ್ತಾರಲ್ಲ ಎಂದು ಕಿವಿ ಬಿಸಿಯಾಯಿತು. "ನಾವೇ ಮಾಡ್ತೀವಿ ಸಾರ್. ವೇವ್‌ಫಾರ್ಮ್ ಜನರೇಟರ್" ಎಂದೆ.

"ನೀವೇನಾ?" ಗೈಡ್ ಬೆಲ್ಟು ಎಳೆದುಕೊಂಡರು. "ಮಾಡಿ, ಮಾಡಿ. ಔಟ್‌ಪುಟ್ ಸ್ಟ್ಯಾಂಡರ್ಡ್ ಪ್ರಕಾರ ಬರ್ಲಿಲ್ಲ ಅಂದ್ರೆ ನಾನ್ ಸೈನ್ ಹಾಕಲ್ಲ."

ಅವರ ಸಹಿ ಇಲ್ಲದ ರಿಪೋರ್ಟಿಗೆ ವೈವಾ ಇಲ್ಲ. ವೈವಾ ಇಲ್ಲದಿದ್ದರೆ ವರ್ಷವೇ ಹೋಯಿತು. ಇದು ನನಗೆ ಗೊತ್ತಿತ್ತು. ಇನ್ನೊಬ್ಬನಿಗೂ ಗೊತ್ತಿತ್ತು; ಆದರೆ 'ನಾವು' ಎಂದು ನಾನು ಸೇರಿಸಿಕೊಂಡ ಆ ಇನ್ನೊಬ್ಬ ಆಗ ಕ್ಯಾಂಟೀನಿನಲ್ಲಿ ಚಿತ್ರಾನ್ನ ತಿನ್ನುತ್ತಿದ್ದ.

ಅವನು ಬಿಜಾಪುರದ ಕಡೆಯವನು, ನನ್ನ ಪ್ರಾಜೆಕ್ಟ್ ಪಾರ್ಟ್ನರ್. ಬಿಟಿಎಂ ಬಡಾವಣೆಯಲ್ಲಿ ಅಣ್ಣನ ಬಾಡಿಗೆ ರೂಮಿನಲ್ಲಿದ್ದ. ಅಣ್ಣ ಒಂದು ಆಫೀಸಿನಲ್ಲಿ ಕೆಲಸ ಮಾಡಿ ಇವನನ್ನು ಓದಿಸುತ್ತಿದ್ದರು. ಸುದ್ದಿ ಹೇಳಿದಾಗ ಅವನು ಚಮಚ ಕೆಳಗಿಟ್ಟ.

"'ನಾ' ಅನ್ನೂದಿತ್ತಲೇ. 'ನಾವು' ಯಾಕಂದಿ?"

"ಗೌರವಕ್ಕೆ ಬಹುವಚನ ಮಗಾ."

"ನಿನ್ ಗೌರವಕ್ಕಿಷ್ಟು ಬೆಂಕಿ ಹಚ್ಚಲಿ. ನಮ್ಮಣ್ಣಗ ನೀನಾ ಹೇಳಾಂವೇನ, ವರ್ಷ ಹೋತು ಅಂತ?"

"ಹ್ಞೂಂ, ನಿನ್ನ ಧ್ವನೀಲೇ ಫೋನ್ ಮಾಡಿ ಹೇಳ್ತೀನಿ."

ಅವನು ನಗಲಿಲ್ಲ. ಆದರೆ ಸಂಜೆ ಪ್ರಾಜೆಕ್ಟಿನ ಚಿಪ್ಪು ತರಲು ನನ್ನ ಜೊತೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಬಂದ. ಬಸ್ಸಿನಲ್ಲಿ ಉದ್ದಕ್ಕೂ ಬೈಯುತ್ತಲೇ ಬಂದ.

ಆಗ ಹೊಸದಾಗಿ ಬಂದಿದ್ದ ಒಂದು ಮೈಕ್ರೋಕಂಟ್ರೋಲರಿನಲ್ಲಿ, ಸಂಖ್ಯೆಯನ್ನು ವೋಲ್ಟೇಜ್ ಮಾಡುವ ಭಾಗ ಚಿಪ್ಪಿನ ಒಳಗೇ ಇತ್ತು. ನಾವು ಅದನ್ನು ಡ್ಯಾಕ್ ಎನ್ನುತ್ತಿದ್ದೆವು. ವಿಷಯ ಸರಳ. ಡ್ಯಾಕ್‌ಗೆ ಸೊನ್ನೆ ಕೊಟ್ಟರೆ ಚಿಪ್ಪಿನ ಒಂದು ಕಾಲಿನಲ್ಲಿ ಸೊನ್ನೆ ವೋಲ್ಟು. ಸಾವಿರದ ಇಪ್ಪತ್ತಮೂರು ಕೊಟ್ಟರೆ ಮೂರು ಚಿಲ್ಲರೆ ವೋಲ್ಟು, ಅದೇ ಅದರ ಆಕಾಶ. ನಡುವಿನ ಸಂಖ್ಯೆಗೆ ನಡುವಿನ ವೋಲ್ಟು. ಸಂಖ್ಯೆಗಳನ್ನು ತಾಳ ತಪ್ಪದೆ ಒಂದರ ಹಿಂದೊಂದು ಕೊಡುತ್ತಾ ಹೋದರೆ ವೋಲ್ಟೇಜು ಏರಿ ಇಳಿದು ಅಲೆಯಾಗುತ್ತದೆ. ಬೇಗ ಕೊಟ್ಟರೆ ಕೀಚಲು, ನಿಧಾನ ಕೊಟ್ಟರೆ ಗೊಗ್ಗರು. ಇದು ನನಗೆ ತಕ್ಷಣ ಹಿಡಿಸಿತು. ಧ್ವನಿ ಎನ್ನುವುದು ಕೊನೆಗೂ ಎಷ್ಟು ಎತ್ತರ, ಎಷ್ಟು ಹೊತ್ತಿಗೆ ಎನ್ನುವ ಲೆಕ್ಕವೇ ಆದರೆ, ನಾನು ಚಿಕ್ಕಂದಿನಿಂದ ಮಾಡುತ್ತಿದ್ದುದೂ ಇದನ್ನೇ. ಚಿಪ್ಪಿಗೆ ಒದೆ ಬೀಳುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಸೈನ್ ವೇವಿನ ಸಂಖ್ಯೆಗಳನ್ನು ಅವನು ಕ್ಯಾಲ್ಕುಲೇಟರಿನಲ್ಲಿ ಒತ್ತಿ ಹೇಳುವುದು, ನಾನು ಟೈಪ್ ಮಾಡುವುದು. "ಐದ್ನೂರಾ ಹನ್ನೆರ್ಡ್" ಎಂದು ಅವನು ರಾಗ ಎಳೆದರೆ, ನಾನೂ ಅದೇ ರಾಗದಲ್ಲಿ "ಐದ್ನೂರಾ ಹನ್ನೆರ್ಡ್" ಎನ್ನುತ್ತಿದ್ದೆ. ಅವನು ಬೇಕೆಂದೇ ತಪ್ಪು ಸಂಖ್ಯೆ ಹೇಳಿ ಸೇಡು ತೀರಿಸಿಕೊಂಡ. ಲ್ಯಾಬಿನ ಸೀಯಾರೋದಲ್ಲಿ ನೋಡಿದರೆ ಅಲೆಯ ನಡುವೆ ಕೋಡು ಬಂದಿತ್ತು.

"ಇದೇನೋ?"

"ಅದ ನಿನ್ ಮೂಗು" ಎಂದ.

ಕೋಡು ತೆಗೆದ ಮೇಲೂ ಅಲೆ ಅಲೆಯ ಹಾಗಿರಲಿಲ್ಲ. ಒಂದೊಂದು ಸಂಖ್ಯೆಗೂ ಡ್ಯಾಕ್ ಒಂದು ಕ್ಷಣ ನಿಂತು ಆಮೇಲೆ ಮುಂದಿನದಕ್ಕೆ ಹಾರುತ್ತಿತ್ತು, ಹಾಗಾಗಿ ಚಾಮುಂಡಿ ಬೆಟ್ಟದ ಮೆಟ್ಟಿಲುಗಳೇ ಪರದೆಯ ಮೇಲೆ ಬಂದು ಕುಳಿತಿದ್ದವು. ಒಂದು ರೆಸಿಸ್ಟರು, ಒಂದು ಕೆಪಾಸಿಟರು ಸೇರಿಸಿದಾಗ ಮೆಟ್ಟಿಲ ಮೂಲೆಗಳು ಸವೆದು ಮೆಲ್ಲಗೆ ದುಂಡಗಾದವು. ಲೆಕ್ಕ ಹಾಕಿ ಸೇರಿಸಿದ್ದಲ್ಲ, ಡಬ್ಬಿಯಲ್ಲಿ ಕೈಗೆ ಸಿಕ್ಕಿದ್ದನ್ನು ಸೇರಿಸಿದ್ದು. ನಾವಿಬ್ಬರೂ ಆ ಹಸಿರು ಗೆರೆಯನ್ನು ಮಾತಿಲ್ಲದೆ ನೋಡಿದೆವು. ನಾನು ಮಾತಿಲ್ಲದೆ ಇದ್ದದ್ದು ಅವನಿಗೆ ಅಲೆಗಿಂತ ದೊಡ್ಡ ಆಶ್ಚರ್ಯ.

ಬೋರ್ಡನ್ನು ಮನೆಗೆ ತಂದು ಹಳೆಯ ಕಂಪ್ಯೂಟರ್ ಸ್ಪೀಕರಿಗೆ ಜೋಡಿಸಿದೆ. ನಮ್ಮದು ಸಾರಕ್ಕಿಯಲ್ಲಿ ಬಾಡಿಗೆಯ ಮಹಡಿ ಮನೆ. ಕೆಳಗೆ ಓನರ್. ಒಂದು ಕಾಲಕ್ಕೆ ಅವರು ಕೆರೆಯ ಪಕ್ಕದ ಹೊಲದಲ್ಲಿ ಸೊಪ್ಪು ಬೆಳೆಯುತ್ತಿದ್ದರು; ಈಗ ಅದೇ ಜಾಗದಲ್ಲಿ ಸಾಲು ಮನೆ ಎದ್ದಿತ್ತು. ಬಾಡಿಗೆದಾರರನ್ನೂ ಅವರು ಸೊಪ್ಪಿನ ಹಾಗೇ ನೋಡಿಕೊಳ್ಳುತ್ತಿದ್ದರು, ನೀರು ಎಷ್ಟು ಬೇಕೋ ಅಷ್ಟೇ. ಸದ್ದು ಕೇಳಿ ಲುಂಗಿ ಎತ್ತಿ ಕಟ್ಟಿಕೊಂಡು ಮೆಟ್ಟಿಲು ಹತ್ತಿ ಬಂದರು.

"ಏನಪ್ಪಾ ಅದು? ಟ್ಯಾಂಕ್ ತುಂಬಿದ್ರೆ ಕೂಗ್ತದಲ್ಲ, ಆ ಮಿಷನ್ ಹಾಕ್ಸಿದೀಯಾ?"

"ಇಲ್ಲ ಅಂಕಲ್, ಸೈನ್ ವೇವ್. ಕಾಲೇಜ್ ಪ್ರಾಜೆಕ್ಟು."

"ಇಷ್ಟೇನಾ? ಕುಯ್ಯೋ ಅನ್ನೋದು?" ಅವರು ಬಾಗಿಲಿಗೊರಗಿದರು. "ಹಾರ್ಮೋನಿಯಂ ಥರ ಮಾಡ್ಸು ನೋಡಣ. ನಮ್ಮದು ತಿದಿ ಹರಿದು ಕೂತದೆ. ಶನಿವಾರದ ಭಜನೇಲಿ ಸುರುತಿ ಇಲ್ದೆ ಒಬ್ಬೊಬ್ರು ಒಂದೊಂದ್ ಊರಿಗೆ ಹೋಗ್ತಾವ್ರೆ."

"ಅದು ಕಷ್ಟ ಅಂಕಲ್."

"ಏನ್ ಕಷ್ಟ? ನಲ್ಲಿ ತಾವ ನಿಂತ್ಕಂಡು ನನ್ ಥರ ಮಾಡ್ತೀಯಲ್ಲ, ಅದಕ್ಕೆ ಬರಕಿಲ್ವಾ?"

ಒಳಗಿನಿಂದ ಅಮ್ಮ ನನ್ನ ಹೆಸರು ಹಿಡಿದು ಕೂಗಿದರು. ಪಾರ್ಟ್ನರ್ ಮಂಚದ ಮೇಲೆ ಬಿದ್ದು ನಕ್ಕ. ಆ ಪ್ರಾಜೆಕ್ಟಿನಲ್ಲಿ ಅವನು ಮೊದಲ ಸಲ ಮನಸ್ಸು ಬಿಚ್ಚಿ ನಕ್ಕದ್ದು ಆಗಲೇ.

ಇನ್ನು ಬಿಡುವ ಹಾಗಿರಲಿಲ್ಲ. ನಾನು ಯಾರ ಧ್ವನಿಯನ್ನೂ ಅರ್ಧಕ್ಕೆ ಬಿಟ್ಟವನಲ್ಲ. ಅಲೆಯ ಆಕಾರ ಬದಲಾಯಿಸಿ, ಒಂದು ಕಡೆ ಕಡಿದಾಗಿ, ಇನ್ನೊಂದು ಕಡೆ ಜಾರುವಂತೆ ಸಂಖ್ಯೆ ತುಂಬಿದೆ. ಓನರ್ ಕೆಳಗಿನಿಂದಲೇ ತೀರ್ಪು ಕೊಟ್ಟರು: "ಯಾರೋ ಕಾರ್ ರಿವರ್ಸ್ ತಗೀತಾವ್ರೆ!" ಇನ್ನೊಂದು ಆಕಾರ. "ಫ್ರಿಜ್ಜು!" ಮತ್ತೊಂದು. ಉತ್ತರವೇ ಬರಲಿಲ್ಲ, ಬಾಗಿಲು ಹಾಕಿಕೊಂಡಿದ್ದರು.

ತಪ್ಪು ಎಲ್ಲಿ ಎಂದು ನನಗೆ ಹೊಳೆದದ್ದು ಓನರ್ ಧ್ವನಿಯನ್ನು ಅಣಕಿಸುವಾಗಲೇ. ಅವರ ಹಾಗೆ ಮಾತಾಡಲು ಅವರ ಒಂದು ಪದವನ್ನು ಹಿಡಿದು ಅದನ್ನೇ ಎಷ್ಟು ಸಲ ಹೇಳಿದರೂ ಯಾರೂ ನಗುವುದಿಲ್ಲ. ಧ್ವನಿ ಒಳಗೊಳಗೇ ಅಲುಗಾಡಬೇಕು. ನಮ್ಮ ಚಿಪ್ಪು ಒಂದೇ ಅಲೆಯನ್ನು ಕೂದಲೆಳೆ ತಪ್ಪದೆ ಮತ್ತೆ ಮತ್ತೆ ಒಪ್ಪಿಸುತ್ತಿತ್ತು. ಓನರ್ ಮನೆಗೆ ಹೋಗಿ ಆ ಹರಿದ ಹಾರ್ಮೋನಿಯಮ್ಮಿನ ಮುಚ್ಚಳ ತೆಗೆದು ನೋಡಿದೆವು. ಬೆರಳಿಡುವ ಒಂದೊಂದು ಮನೆಗೂ ಒಳಗೆ ಎರಡೆರಡು ಹಿತ್ತಾಳೆಯ ನಾಲಿಗೆ. ಪಾರ್ಟ್ನರ್ ಬಾಯಿಂದ ಊದಿದ, ನಾನು ಕಿವಿಗೊಟ್ಟೆ. ಎರಡೂ ಒಂದೇ ಸ್ವರ, ಆದರೆ ಪೂರ್ತಿ ಒಂದೇ ಅಲ್ಲ. ಒಂದು ಇನ್ನೊಂದಕ್ಕಿಂತ ತುಸು ಮುಂದೆ. ಆ ತುಸುವಿನಲ್ಲೇ ಎಲ್ಲ ಇತ್ತು.

ಸಂಖ್ಯೆಗಳ ಒಂದೇ ಕೋಷ್ಟಕವನ್ನು ಇಬ್ಬರು ಓದುವ ಹಾಗೆ ಪ್ರೋಗ್ರಾಂ ಬರೆದೆವು, ಒಬ್ಬ ಸ್ವಲ್ಪ ಅವಸರದವನು, ಇನ್ನೊಬ್ಬ ಸ್ವಲ್ಪ ನಿಧಾನಸ್ಥ. ಇಬ್ಬರೂ ಓದಿದ ಸಂಖ್ಯೆಯನ್ನು ಕೂಡಿ ಡ್ಯಾಕ್‌ಗೆ ಕೊಡುವುದು. ಆನ್ ಮಾಡಿದರೆ ಹಳೇ ಪಂಚೆ ಹರಿದ ಸದ್ದು. ಅಮ್ಮ ಅಡುಗೆಮನೆಯಿಂದ ಓಡಿ ಬಂದರು. ಕೂಡಿದಾಗ ಮೊತ್ತ ಸಾವಿರದ ಇಪ್ಪತ್ತಮೂರನ್ನು ದಾಟುತ್ತಿತ್ತು. ಆಕಾಶ ದಾಟಿದ ಸಂಖ್ಯೆ ಅಲ್ಲೇ ನಿಲ್ಲುವುದಿಲ್ಲ. ಸುತ್ತಿಕೊಂಡು ನೆಲಕ್ಕೆ ಬೀಳುತ್ತದೆ. ಮೇಲಿದ್ದ ಅಲೆ ದಿಢೀರನೆ ತಳದಲ್ಲಿ. ಪಾರ್ಟ್ನರ್ ಹೇಳಿದ: "ಇಬ್ರಿಗೂ ಅರ್ಧ ಅರ್ಧ ಮಾಡಲೇ. ಜಗಳ ಇಲ್ಲ." ಅಷ್ಟೇ ಸಾಕಾಯಿತು. ಸ್ಪೀಕರಿನಿಂದ ಸದ್ದು ನಡುಗುತ್ತಾ, ಉಬ್ಬುತ್ತಾ, ಇಳಿಯುತ್ತಾ ಬಂತು.

ಓನರ್ ಮತ್ತೆ ಮೇಲೆ ಬಂದರು. ಈ ಸಲ ಕುಳಿತರು. ಕಣ್ಣು ಮುಚ್ಚಿ ಒಂದು ಸಾಲು ಗುನುಗಿ, "ಎತ್ತರ ಆಯ್ತು, ಕೆಳಕ್ಕೆ ಇಳ್ಸು" ಎಂದರು. ವೇಗ ತಗ್ಗಿಸಲು ಟೈಮರಿನ ಸಂಖ್ಯೆ ಬದಲಿಸಿದೆ. "ಇನ್ನೂ ವಸಿ." ಬದಲಿಸಿದೆ. ಅವರ ದನಿ ಅದರಲ್ಲಿ ಕೂತುಕೊಂಡಿತು. ಹಾಡು ಮುಗಿಸಿ ಎದ್ದರು. "ಪರ್ವಾಗಿಲ್ಲ. ನಮ್ದೇ ಚೆನ್ನಾಗಿತ್ತು" ಎಂದು ಇಳಿದು ಹೋದರು. ಆದರೂ ಶನಿವಾರಕ್ಕೆ ಬೋರ್ಡನ್ನು ಕೇಳಿ ತೆಗೆದುಕೊಂಡು ಹೋದರು.

ಹೀಗೆ ನಮ್ಮ ಸ್ವಿಚ್ಚಿಗೆ ನಾಲ್ಕು ಸ್ಥಾನವಾಯಿತು. ಸೈನ್, ತ್ರಿಕೋನ, ಚೌಕ, ಹಾರ್ಮೋನಿಯಂ. ಎದೆ ಉಬ್ಬಿಸಿಕೊಂಡು ಗೈಡ್ ಮುಂದೆ ಹೋಗಿ ಮೊದಲನೆಯದನ್ನೇ ಹಾಕಿ ತೋರಿಸಿದೆ.

ಅವರು ಸೀಯಾರೋಗೆ ಮುಖವಿಟ್ಟು ಬಹಳ ಹೊತ್ತು ನೋಡಿದರು. "ಕೆಳಗಿನ ಅರ್ಧ ಎಲ್ಲಿ?"

"ಸಾರ್?"

"ಸೈನ್ ವೇವ್ ಅಂದ್ರೆ ಗೆರೆ ಕೆಳಗೂ ಹೋಗ್ಬೇಕಲ್ವೇನಪ್ಪಾ. ನಿಂದು ಪೂರ್ತಿ ಮೇಲೇ ಕೂತಿದೆ." ಕಪಾಟಿನಿಂದ ಹಳೆಯ ರಿಪೋರ್ಟ್ ತೆಗೆದು ಆ ಫೋಟೋದ ಮೇಲೆ ಬೆರಳಿಟ್ಟರು. ಹವಳದ ಉಂಗುರದ ಕೈ ನನ್ನನ್ನು ನೋಡಿತು. "ಹೀಗ್ ಬರ್ಬೇಕು. ಇದು ಸ್ಟ್ಯಾಂಡರ್ಡು."

"ಸಾರ್, ಚಿಪ್ಪು ಸೊನ್ನೆಯಿಂದ ಮೂರು ಚಿಲ್ಲರೆ ವೋಲ್ಟ್ ತನಕ ಮಾತ್ರ ಕೊಡುತ್ತೆ. ಸೊನ್ನೆಗಿಂತ ಕೆಳಗೆ ಹೋಗೋಕೆ ಅದಕ್ಕೆ ಆಗಲ್ಲ. ಅಲೆ ಸರಿಯಾಗೇ ಇದೆ, ನಿಂತಿರೋ ಜಾಗ ಮೇಲಿದೆ ಅಷ್ಟೇ."

"ನಂಗೇ ಪಾಠ ಮಾಡ್ತೀಯಾ?"

ಇಲ್ಲೊಂದು ಮಾತು ಹೇಳಬೇಕು. ಸೀಯಾರೋದ ಮುಖದ ಮೇಲೆ ಒಂದು ಸಣ್ಣ ಬಟನ್ ಇರುತ್ತದೆ. ಅದು ಹೊರಗಿದ್ದಾಗ ಬಂದ ವೋಲ್ಟೇಜನ್ನು ಇದ್ದ ಹಾಗೇ ತೋರಿಸುತ್ತದೆ. ಒಳಕ್ಕೆ ಒತ್ತಿದರೆ ಅಲೆ ನಿಂತಿರುವ ಎತ್ತರವನ್ನು ಕಳೆದು, ಬರೀ ಏರಿಳಿತವನ್ನು ನಡುಗೆರೆಗೆ ತಂದು ಕೂರಿಸುತ್ತದೆ. ಒತ್ತಿದ್ದರೆ ನಮ್ಮ ಅಲೆ ಆ ಫೋಟೋದ ಪಡಿಯಚ್ಚಾಗಿ ಜಾರಿ ನಡುವೆ ಬಂದು ನಿಲ್ಲುತ್ತಿತ್ತು. ಬೋರ್ಡಿನಲ್ಲಿ ಒಂದು ಕೂದಲೂ ಕೊಂಕುತ್ತಿರಲಿಲ್ಲ. ಸಹಿ ಬೀಳುತ್ತಿತ್ತು. ಇದು ನನಗೆ ಗೊತ್ತಿತ್ತು, ಪಾರ್ಟ್ನರಿಗೆ ಗೊತ್ತಿತ್ತು. ಅವನ ಮೊಣಕೈ ನನ್ನ ಪಕ್ಕೆಲುಬನ್ನು ಎರಡು ಸಲ ಹುಡುಕಿತು.

ನಾನು ಒತ್ತಲಿಲ್ಲ.

"ಸೆಂಟರಿಂದ ತಗೊಂಡ್ ಬಾ, ಕಣ್ಮುಚ್ಚಿ ಸೈನ್ ಹಾಕ್ತೀನಿ" ಎಂದು ಗೈಡ್ ರಿಪೋರ್ಟನ್ನು ನನ್ನ ಎದೆಗೆ ತಳ್ಳಿದರು.

ಬನಶಂಕರಿ ಬಸ್ ಸ್ಟ್ಯಾಂಡಿನ ಎದುರಿನ ಟೀ ಅಂಗಡಿಯಲ್ಲಿ ಪಾರ್ಟ್ನರ್ ನನ್ನ ಮೇಲೆ ಬಿದ್ದ. "ಒಂದ ಬಟನ್ ಲೇ! ಬೆರಳಾಗ ಜೀವ ಇರಲಿಲ್ಲೇನ?"

"ಒತ್ತಿದ್ರೆ ಅವ್ರು ಹೇಳಿದ್ದೇ ಸರಿ ಅಂತಾಗುತ್ತೆ ಮಗಾ. ಫೋಟೋ ಥರ ಇದ್ರೇನೇ ನಿಜ ಅಂತ."

"ಆಗ್ಲಿ ಬಿಡು! ನಿಂಗೇನ್ ಹೋತು? ದಿನಾ ಹತ್ ಮಂದಿ ಥರ ನಟಿಸ್ತಿ, ಒಂದಿನ ಆ ಬಟನ್ ಮುಂದ ನಟಿಸಾಕ ಆಗೂದಿಲ್ಲೇನ?"

"ಅದಕ್ಕೇ ಕಣೋ. ಈ ಬೋರ್ಡ್ ಒಂದ್ರಲ್ಲಿ ನಾನ್ ನಟಿಸ್ತಿಲ್ಲ. ಇದು ನಂದು."

"ನಮ್ದು" ಎಂದು ತಿದ್ದಿದ. "ಬೈಸಿಕೊಳ್ಳಾಕ 'ನಾವು', ಹೆಸರಿಗೆ 'ನಾನು' ಏನ?"

ನಾನು ಎಂದಿನ ಹಾಗೆ ಅವನ ರಾಗದಲ್ಲೇ ಏನೋ ಹೇಳಿ ತಪ್ಪಿಸಿಕೊಳ್ಳಲು ನೋಡಿದೆ. ಅವನು ಲೋಟವನ್ನೇ ನೋಡುತ್ತಾ ಕುಳಿತ. ಆಗ ನನ್ನ ಬಾಯಿಂದ ಬಂದದ್ದು ಯಾರ ರಾಗದ್ದೂ ಅಲ್ಲ. "ಆಯ್ತು. ನಾಳೆ ಸೀಯಾರೋ ಪಕ್ಕ ನೀನೇ ನಿಂತ್ಕೋ. ಒತ್ತಬೇಕು ಅನ್ಸಿದ್ರೆ ಒತ್ತು. ನಾನ್ ಒಂದ್ ಮಾತೂ ಆಡಲ್ಲ."

"ನೀ? ಮಾತಾಡೂದಿಲ್ಲ?" ಎಂದು ಅವನು ಅನುಮಾನದಿಂದ ನೋಡಿದ.

ಮರುದಿನ ಸಹಿಗೆ ಕೊನೆಯ ದಿನ. ಲ್ಯಾಬಿನಲ್ಲಿ ಸೆಂಟರ್ ಬೋರ್ಡುಗಳ ಸಾಲು. ಗೈಡ್ ಒಂದೊಂದು ರಿಪೋರ್ಟಿನಲ್ಲೂ ಫೋಟೋ ಇರುವುದನ್ನು ನೋಡಿ, ಪುಟ ಮಗುಚಿ ಸಹಿ ಹಾಕುತ್ತಾ ಬಂದರು. ನಮ್ಮದರ ಬಳಿ ನಿಂತರು. ಪರದೆಯಲ್ಲಿ ಅಲೆ ಹಾಗೇ ಗೆರೆಯ ಮೇಲೆ ನಿಂತಿತ್ತು. ರಿಪೋರ್ಟಿನಲ್ಲಿ ನಾವೇ ತೆಗೆದ ಫೋಟೋ, ಕೈಯಿಲ್ಲದ್ದು. ನಾನು ಕೊಟ್ಟ ಮಾತಿನಂತೆ ತುಟಿ ಕಚ್ಚಿಕೊಂಡಿದ್ದೆ. ನನ್ನ ಜೀವನದ ಅತಿ ಕಷ್ಟದ ಪ್ರಾಕ್ಟಿಕಲ್ ಅದು.

ಗೈಡ್ ಪಾರ್ಟ್ನರ್ ಕಡೆ ತಿರುಗಿದರು. "ನೀನಾದ್ರೂ ಹೇಳಪ್ಪಾ ಇವನಿಗೆ. ಅಷ್ಟು ದೂರದಿಂದ ಬಂದಿದೀಯ, ವರ್ಷ ಯಾಕ್ ಹಾಳ್ ಮಾಡ್ಕೋತೀಯ?"

ಅವನ ಬೆರಳು ಬಟನ್ನಿನ ಮೇಲೇ ಇತ್ತು. ನಾನು ನೋಡಿದೆ. ಬೆರಳು ಅಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಕೆಳಗಿಳಿದು ಪ್ಯಾಂಟಿನ ಜೇಬು ಸೇರಿತು.

"ಸರ್, ಚಿಪ್ಪಿನ್ಯಾಗ ಮೈನಸ್ ಇಲ್ರಿ. ಇಲ್ದಿದ್ದನ್ನ ನಾವ್ ಎಲ್ಲಿಂದ ತೋರಸೂಣ್ರಿ? ತಪ್ಪೈತಿ ಅಂತ ನಿಮಗ ಅನಸಿದ್ರ, ಹಂಗಂತ ಅದರಾಗ ಬರೀರಿ. ಬರದು ಸಹಿ ಮಾಡ್ರಿ."

ಗೈಡ್ ಮುಖ ಕೆಂಪಾಯಿತು. ಮೂಗಿನಿಂದ ಗಾಳಿ ಬಂತು, ಬೆಲ್ಟಿನ ಕಡೆಗೆ ಕೈ ಹೋಗಲಿಲ್ಲ. "ಬರೀತೀನಯ್ಯಾ! ನೋಡೋಣ ಎಕ್ಸ್‌ಟರ್ನಲ್ ಏನಂತಾರೆ!" ಎಂದು ನಮ್ಮ ಫೋಟೋದ ಕೆಳಗೆ, ಔಟ್‌ಪುಟ್ ಸ್ಟ್ಯಾಂಡರ್ಡ್ ಪ್ರಕಾರ ಇಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು, ಅಡಿಗೆರೆ ಎಳೆದು, ಸಹಿ ಹಾಕಿದರು. ಅದೇ ಆವೇಶದಲ್ಲಿ ಮೊದಲ ಪುಟಕ್ಕೂ ಹಾಕಿದರು. ಹೊರಗೆ ಬಂದ ಮೇಲೆ ಪಾರ್ಟ್ನರ್ ಮೊದಲ ಪುಟ ತೆರೆದು ಮತ್ತೊಮ್ಮೆ ನೋಡಿದ. "ಹಾಕಿದ್ರಲೇ" ಎಂದ. ಬೈದು ಹಾಕಿದ ಸಹಿಯೂ ಸಹಿಯೇ ಎಂಬುದು ನಮಗಿಬ್ಬರಿಗೂ ಒಟ್ಟಿಗೇ ಹೊಳೆಯಿತು.

ವೈವಾಕ್ಕೆ ಬಂದವರು ಬೇರೆ ಕಾಲೇಜಿನ ಒಬ್ಬ ಮೇಡಂ. ಹತ್ತಿ ಸೀರೆ, ಮೂಗಿನ ತುದಿಯಲ್ಲಿ ಕನ್ನಡಕ. ನಮಗಿಂತ ಮುಂಚಿನ ತಂಡದ ರಿಪೋರ್ಟ್ ತೆರೆದು ಕೇಳಿದರು: "ಈ ಕೈ ಯಾರದ್ದು?"

"ನಂದೇ ಮೇಡಂ" ಎಂದ ಒಬ್ಬ.

"ಉಂಗುರ ಎಲ್ಲಿ?"

"ಮನೇಲಿ ಬಿಚ್ಚಿಟ್ಟಿದೀನಿ ಮೇಡಂ."

"ಹಿಂದಿನ ಗುಂಪಿನವನೂ ಹಾಗೇ ಅಂದ. ನೀವಿಬ್ರೂ ಅವಳಿನಾ?"

ನಮ್ಮ ಸರದಿ. ಅವರು ನೇರ ಗೈಡ್ ಬರೆದ ಪುಟಕ್ಕೇ ಬಂದರು. ಗೈಡ್ ಪಕ್ಕದಲ್ಲೇ ನಿಂತಿದ್ದರು. "ಏನಿದು, ಸ್ಟ್ಯಾಂಡರ್ಡ್ ಪ್ರಕಾರ ಇಲ್ಲ ಅಂದ್ರೆ?"

ನಾನು ಹೇಳಿದೆ. ಚಿಪ್ಪು, ಸೊನ್ನೆ, ಆಕಾಶ, ಅಲೆ ನಿಂತ ಎತ್ತರ. ಅವರು ಕೇಳಿಸಿಕೊಳ್ಳುತ್ತಲೇ ಕೈ ಚಾಚಿ ಆ ಬಟನ್ ಒತ್ತಿದರು. ಅಲೆ ಜಾರಿ ನಡುಗೆರೆಗೆ ಬಂದು ಕುಳಿತಿತು. ಫೋಟೋದಲ್ಲಿದ್ದ ಹಾಗೇ. ಗೈಡ್ ಕುತ್ತಿಗೆ ಮುಂದೆ ಚಾಚಿದರು.

"ಇದನ್ನ ಒತ್ತಬಹುದು ಅಂತ ಗೊತ್ತಿರಲಿಲ್ವಾ ನಿಮಗೆ?"

"ಗೊತ್ತಿತ್ತು ಮೇಡಂ."

"ಮತ್ತೆ?"

"ಹಟಾ ರೀ ಮೇಡಂ, ಇವಗ" ಎಂದ ಪಾರ್ಟ್ನರ್.

ಮೇಡಂ ಬಟನ್ನನ್ನು ಮತ್ತೆ ಹೊರಕ್ಕೆ ಬಿಟ್ಟರು. ಅಲೆ ಎದ್ದು ತನ್ನ ಜಾಗಕ್ಕೆ ಹೋಯಿತು. ಅಷ್ಟಕ್ಕೆ ನಾನು ಬೀಗಿದ್ದು ಕಂಡಿತೋ ಏನೋ, ಮುಂದಿನ ಪ್ರಶ್ನೆಯಲ್ಲೇ ಇಳಿಸಿದರು. "ಮೆಟ್ಟಿಲು ನುಣುಪು ಮಾಡೋ ಈ ಫಿಲ್ಟರಿಗೆ ಇದೇ ವ್ಯಾಲ್ಯೂ ಕೆಪಾಸಿಟರ್ ಯಾಕೆ?"

"ಡಬ್ಬೀಲಿ ಅದೇ ಇತ್ತು ಮೇಡಂ."

"ಲೆಕ್ಕ?"

"ಮಾಡ್ಲಿಲ್ಲ."

ಅವರು ಪೆನ್ನಿನಿಂದ ಏನೋ ಕಡಿಮೆ ಮಾಡಿದ್ದು ನನಗೆ ಚೆನ್ನಾಗಿ ಕಾಣಿಸಿತು. ಬೋರ್ಡಿನ ಸ್ವಿಚ್ ಕಡೆ ನೋಡಿ, "ಮೂರು ಅಲೆಗೆ ನಾಲ್ಕು ಸ್ಥಾನ ಯಾಕೆ?" ಎಂದರು.

"ಅದು ಸಿಲಬಸ್‌ನಲ್ಲಿಲ್ಲ ಮೇಡಂ" ಎಂದು ಗೈಡ್ ನಡುವೆ ಬಂದರು.

ನಾನು ಸ್ವಿಚ್ ತಿರುಗಿಸಿದೆ. ಏನು ಎಂದು ಬಾಯಿಬಿಟ್ಟು ಹೇಳಲಿಲ್ಲ. ನನ್ನ ಕಸುಬಿನಲ್ಲಿ ಯಾರದು ಎಂದು ಮೊದಲೇ ಹೇಳಿದರೆ ಅದು ಸೋತ ಹಾಗೆ. ಲ್ಯಾಬಿನ ಟೇಬಲ್ಲು, ಸ್ಟೂಲುಗಳ ನಡುವೆ, ಮನೆಯಿಂದ ತಂದಿದ್ದ ಸ್ಪೀಕರಿನ ಸದ್ದು ನಡುಗುತ್ತಾ ಹರಡಿತು. ಬಾಗಿಲಲ್ಲಿ ಲ್ಯಾಬ್ ಅಸಿಸ್ಟೆಂಟರು ಇಣುಕಿದರು. ಮೇಡಂ ಕನ್ನಡಕ ತೆಗೆದರು.

"ಹಾರ್ಮೋನಿಯಂ" ಎಂದರು.

ನಾವು ಪಾಸಾದೆವು. ದೊಡ್ಡದಾಗಿ ಅಲ್ಲ. ಮೇಡಂ ಕೊಟ್ಟದ್ದು ನ್ಯಾಯವಾಗಿತ್ತು, ಕೆಪಾಸಿಟರ್ ಲೆಕ್ಕ ಕಳೆದು. ಗೈಡ್ ತಮ್ಮ ಕೈಲಿದ್ದ ಇಂಟರ್ನಲ್ಸ್‌ನಲ್ಲಿ ಪಾಸಿನ ಗೆರೆಗೆ ತಾಗುವಷ್ಟೇ ಕೊಟ್ಟಿದ್ದರು. ಉಂಗುರ ಮನೆಯಲ್ಲಿ ಬಿಚ್ಚಿಟ್ಟವನಿಗೆ ನಮಗಿಂತ ಹೆಚ್ಚು ಬಂದಿತ್ತು. ಅವನು ಸ್ವೀಟ್ ಹಂಚಿದ. ನಾವೂ ತಿಂದೆವು, ಚೆನ್ನಾಗಿತ್ತು.

ಫಲಿತಾಂಶಕ್ಕೂ ಮೊದಲು, ಅಂಕಗಳು ಯೂನಿವರ್ಸಿಟಿಗೆ ಹೋಗುವ ಮುಂಚೆ ಗೈಡ್ ನಮ್ಮನ್ನು ತಮ್ಮ ರೂಮಿಗೆ ಕರೆಸಿದ್ದರು. ಈ ಸಲ ಕೂರಲು ಹೇಳಿದರು. "ನೋಡ್ರಪ್ಪಾ, ಲೈಬ್ರರಿ ಕಾಪಿ ಇನ್ನೂ ಕೊಟ್ಟಿಲ್ಲ ಅಲ್ವಾ ನೀವು? ಆ ಒಂದ್ ಪೇಜ್ ಬದಲಾಯಿಸಿ ತನ್ನಿ. ನಾನ್ ಬರೆದಿದ್ದು ಬೇಡ, ನಾಳೆ ಯಾರಾದ್ರೂ ತೆಗೆದು ನೋಡಿದ್ರೆ ಚೆನ್ನಾಗಿರಲ್ಲ. ಮಾಮೂಲಿ ಫೋಟೋ ಹಾಕ್ಸಿ. ಇಂಟರ್ನಲ್ಸ್ ನಾನು ಇನ್ನೊಂದ್ಸಲ ನೋಡ್ತೀನಿ."

ಅವರು ಇಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಣಕಿಸಲು ಹೊಸ ಧ್ವನಿಯೊಂದು ಸಿಕ್ಕಿತೆಂದು ಒಂದು ಕ್ಷಣ ಖುಷಿಯಾಯಿತು. ಆ ಅಂಕ ಬೇಡವೆನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ; ಆಗ ಒಂದೊಂದು ಅಂಕಕ್ಕೂ ಇಂಟರ್‌ವ್ಯೂ ಬಾಗಿಲು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಪಾರ್ಟ್ನರ್ ಕಡೆ ನೋಡಿದೆ. ಅವನು ಕೂರಲೂ ಇಲ್ಲ.

"ಇರಲಿ ಬಿಡ್ರಿ ಸರ್" ಎಂದ. "ನೀವು ಬರದದ್ದು ಹಂಗಾ ಇರಲಿ. ನಿಮ್ಮ ಅಕ್ಷರ ಛಲೋ ಅದಾವ."

"ಅಂಕ?" ಎಂದರು ಗೈಡ್.

"ಅದೂ ಇರ್ಲಿ ಸಾರ್. ನೀವು ಕೊಟ್ಟಿದ್ದೇ" ಎಂದೆ ನಾನು.

ಅಲ್ಲಿಂದ ನೇರ ಲೈಬ್ರರಿಗೆ ಹೋದೆವು. ಕೌಂಟರಿನಲ್ಲಿ ಕುಳಿತಿದ್ದವರು ಒಳಗೇನಿದೆ ಎಂದು ನೋಡಲೂ ಇಲ್ಲ. ಮುದ್ರೆ ಒತ್ತಿ, ಆ ವರ್ಷದ ರಿಪೋರ್ಟುಗಳ ಸಾಲಿನಲ್ಲಿ ನಮ್ಮದನ್ನು ತುರುಕಿದರು. ಸಾಲು ಬಿಗಿಯಾಗಿತ್ತು, ಸುಲಭವಾಗಿ ಒಳಗೆ ಹೋಗಲಿಲ್ಲ. ಪಾರ್ಟ್ನರ್ ಪಕ್ಕದವನ್ನೆಲ್ಲ ಅಂಗೈಯಿಂದ ಆಚೆ ತಳ್ಳಿ ಹಿಡಿದುಕೊಂಡ. ನಾನು ಒತ್ತಿ ಕೂರಿಸಿದೆ.